ಜೆ.ಸಿ. ರಸ್ತೆಯ ಕಾಣದ ಗದ್ದಲ

ಬೆಂಗಳೂರಿನ ಟೌನ್ ಹಾಲಿನಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆಯನ್ನು ಕಣ್ಣು ಮುಚ್ಚಿಕೊಂಡೂ ಗುರುತು ಹಿಡಿಯಬಹುದು. ಗ್ರೀಸು, ಸುಟ್ಟ ರಬ್ಬರು, ಹೊಸ ಸೀಟ್ ಕವರಿನ ರೆಕ್ಸಿನ್ ಮತ್ತು ಪಕ್ಕದ ದರ್ಶಿನಿಯ ಕಾಫಿ ಬೆರೆತು ಒಂದು ವಾಸನೆ ಹುಟ್ಟುತ್ತದೆ. ನಗರದ ಬೇರೆಲ್ಲೂ ಅದು ಇಲ್ಲ. 1935ರಲ್ಲಿ ತಲೆಯೆತ್ತಿದ ಪುಟ್ಟಣ್ಣ ಚೆಟ್ಟಿ ಪುರಭವನ ಒಂದು ತುದಿಯಲ್ಲಿ ತನ್ನ ಕಂಬಗಳೊಂದಿಗೆ ನಿಂತಿದೆ. ಅಲ್ಲೇ ಸಮೀಪದಲ್ಲಿ ರವೀಂದ್ರನಾಥ ಟಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ಕಲಾಕ್ಷೇತ್ರವಿದೆ. ಸಂಜೆ ಅಲ್ಲಿ ನಾಟಕದ ಮೂರನೇ ಗಂಟೆ ಬಾರಿಸುವ ಹೊತ್ತಿಗೆ ಇಲ್ಲಿ ಷಟರು ಎಳೆಯುವ ಸದ್ದು. ಈ ಎರಡು ಸದ್ದುಗಳ ನಡುವೆ ಇಡೀ ದಿನ ಹಾರನ್ನು, ಸುತ್ತಿಗೆ, ಚೌಕಾಸಿ.

ಕಾರಿನ ಬಂಪರಿನಿಂದ ಹಿಡಿದು ಸ್ಕೂಟರಿನ ಬ್ರೇಕ್ ಕೇಬಲ್ಲಿನ ತನಕ ಇಲ್ಲಿ ಸಿಗದ ಬಿಡಿಭಾಗವಿಲ್ಲ ಎಂಬುದು ಹಳೆಯ ಮಾತು. ರಸ್ತೆಯ ಮುಖಕ್ಕೆ ಗಾಜಿನ ಅಂಗಡಿಗಳು. ಅಡ್ಡರಸ್ತೆಗಳ ಒಳಗೆ ಹೋದರೆ ಹತ್ತಡಿ ಅಗಲದ ಗ್ಯಾರೇಜುಗಳು, ಲೇತ್ ಯಂತ್ರದ ಕತ್ತಲ ಕೋಣೆಗಳು, ಹಳೆಯ ಎಂಜಿನ್ನುಗಳನ್ನು ಬಿಚ್ಚಿ ರಾಶಿ ಹಾಕಿದ ಗುಜರಿಗಳು. ಈ ಒಳಭಾಗಕ್ಕೆ ಕಾಲಿಡದವರು ಜೆ.ಸಿ. ರಸ್ತೆಯನ್ನು ನೋಡಿಲ್ಲ ಎಂದೇ ಹೇಳಬೇಕು.

ಅಂಥದೊಂದು ಅಡ್ಡರಸ್ತೆಯಲ್ಲಿ, ಗೋಡೆಗೆ ಮೆಕ್ಕಾ ಮಸೀದಿಯ ಕ್ಯಾಲೆಂಡರ್ ಮತ್ತು ಅದರ ಪಕ್ಕದಲ್ಲೇ ಆಯುಧಪೂಜೆಯ ಕುಂಕುಮದ ಗುರುತು ಎರಡನ್ನೂ ಹೊತ್ತ ಒಂದು ಗ್ಯಾರೇಜು. ಯಜಮಾನರನ್ನು ಎಲ್ಲರೂ ಕರೆಯುವುದು ಉಸ್ತಾದ್ ಎಂದೇ. ಅರವತ್ತು ದಾಟಿದವರು. ಬುಲೆಟ್ ಮೋಟಾರು ಸೈಕಲ್ಲಿನ ಪಾಯಿಂಟಿನ ನಡುವೆ ಸಿಗರೇಟು ಪ್ಯಾಕಿನ ತೆಳುಕಾಗದ ತೂರಿಸಿ, ಅದು ಸಡಿಲವಾಗುವ ಕ್ಷಣಕ್ಕೆ ಕಿಡಿಯ ಟೈಮಿಂಗ್ ಹೊಂದಿಸುವ ಕೈ ಅವರದು. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ ಟ್ಯಾಪೆಟ್ ಸಡಿಲವೋ ಬಿಗಿಯೋ ಹೇಳಬಲ್ಲರು. ಇಂಥ ಕಿವಿಯಿಂದಲೇ ಈ ಅಡ್ಡರಸ್ತೆಯ ಎಷ್ಟೋ ಮನೆಗಳ ಒಲೆ ಉರಿದಿದೆ.

ಆ ಕಿವಿಗೆ ಈಗ ಕೆಲಸ ಕಡಿಮೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ಮಾನಕ ಜಾರಿಗೆ ಬಂದ ಮೇಲೆ ಹೊಸ ಮೋಟಾರು ಸೈಕಲ್ಲುಗಳಿಂದ ಕಾರ್ಬುರೇಟರ್ ಬಹುಮಟ್ಟಿಗೆ ಮಾಯವಾಯಿತು. ಪೆಟ್ರೋಲನ್ನು ಎಷ್ಟು ಚಿಮುಕಿಸಬೇಕು, ಕಿಡಿ ಯಾವಾಗ ಹಾರಿಸಬೇಕು ಎಂಬುದನ್ನೆಲ್ಲ ಸೀಟಿನ ಕೆಳಗಿನ ಒಂದು ಪುಟ್ಟ ಗಣಕ ತೀರ್ಮಾನಿಸುತ್ತದೆ. ಕಂಪನಿಯ ಗಣಕ ಸಾಲದೆನ್ನುವವರಿಗೆ ಹೊರಗಿನದೂ ಉಂಟು. ಬೆಂಗಳೂರಿನದೇ ರೇಸ್ ಡೈನಾಮಿಕ್ಸ್ ಸಂಸ್ಥೆಯ ಪವರ್‌ಟ್ರಾನಿಕ್ ಎಂಬ ಪೆಟ್ಟಿಗೆ ಬೈಕ್ ಹುಡುಗರ ಬಾಯಲ್ಲಿ ಓಡಾಡುವ ಹೆಸರು. ಇನ್ನು ಕೈಯಾರೆ ಮಾಡುವವರಿಗೆ ಅಮೆರಿಕದಲ್ಲಿ ಹುಟ್ಟಿದ ಮೆಗಾಸ್ಕ್ವರ್ಟ್, ಆಸ್ಟ್ರೇಲಿಯದಲ್ಲಿ ಹುಟ್ಟಿದ ಸ್ಪೀಡುಯಿನೊ ಇವೆ. ಎರಡನೆಯದರ ನಕ್ಷೆಯೂ ತಂತ್ರಾಂಶವೂ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಬಹಿರಂಗವಾಗಿವೆ.

ಉಸ್ತಾದರ ಗ್ಯಾರೇಜಿಗೆ ಈ ವಿದ್ಯೆಯನ್ನು ತಂದವನು ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ. ತಿಪಟೂರಿನ ಕಡೆಯವನು. ಅವನ ಮಾತಿಗೆ ಒಪ್ಪಿ, ಬ್ಯಾಂಕ್ ನೌಕರರೊಬ್ಬರು ತಮ್ಮ ತಂದೆಯ ಕಾಲದ ಬುಲೆಟ್ಟಿಗೆ ಕಾರ್ಬುರೇಟರ್ ತೆಗೆಸಿ ಇಂಜೆಕ್ಷನ್ನೂ ಗಣಕವೂ ಹಾಕಿಸಲು ಮುಂದಾದರು. (1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ. ಈ ಅಡ್ಡರಸ್ತೆಯಲ್ಲಿ ಅದನ್ನು ನೆನಪಿಸಿದರೆ ಜನ ಆಕಾಶ ನೋಡುತ್ತಾರೆ.) ಹದಿನೈದು ದಿನದ ಕೆಲಸ ಎಂದದ್ದು ಎರಡು ತಿಂಗಳು ಹಿಡಿಯಿತು. ನಡುವೆ ಬ್ಯಾಂಕಿನವರ ಕಣಕಾಲು ಊದಿತ್ತು. ಕಿಕ್ ಹೊಡೆದಾಗ ಕಿಕ್ಕರು ತಿರುಗಿ ಹೊಡೆದಿತ್ತು. ಬುಲೆಟ್ ಓಡಿಸಿದವರಿಗೆ ಆ ಏಟು ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ತುಮಕೂರು ರಸ್ತೆಯಲ್ಲಿ ಲಾರಿಯ ಮುಂದೆ ಹೋಗುತ್ತಿದ್ದಾಗ ಎಂಜಿನ್ನು ಒಂದು ಕ್ಷಣ ಸತ್ತು ಮತ್ತೆ ಬದುಕಿತ್ತು. ಹಿಂದಿನ ಲಾರಿಯವನು ಬ್ರೇಕ್ ಒತ್ತಿದ್ದರಿಂದ ಮಾತ್ರ ಆ ಕಥೆ ಅಲ್ಲಿಗೇ ನಿಂತಿತು.

"ನಾಳೆ ಸರಿಯಾಗದಿದ್ದರೆ ಹಳೇ ಕಾರ್ಬುರೇಟರೇ ಹಾಕಿ ಕೊಡಿ ಉಸ್ತಾದ್, ದುಡ್ಡಿನ ಮಾತು ಆಮೇಲೆ" ಎಂದು ಅವರು ಹೇಳಿ ಹೋಗಿದ್ದರು. ಕೋಪದಲ್ಲಿ ಹೇಳಿದ್ದರೆ ವಾಸಿಯಿತ್ತು. ಮೆಲ್ಲಗೆ ಹೇಳಿದ್ದರು.

ಈ ರೋಗದ ಮೂಲ ತಿಳಿಯಬೇಕಾದರೆ ಒಂದು ಚಕ್ರದ ಸಂಗತಿ ತಿಳಿಯಬೇಕು. ಎಂಜಿನ್ನಿನ ಕ್ರ್ಯಾಂಕು ಈ ಕ್ಷಣದಲ್ಲಿ ಎಲ್ಲಿದೆ ಎಂದು ಗಣಕಕ್ಕೆ ಕಣ್ಣಿಲ್ಲದೆ ತಿಳಿಯಬೇಕಲ್ಲ? ಅದಕ್ಕಾಗಿ ಕ್ರ್ಯಾಂಕಿಗೆ ಹಲ್ಲಿನ ಉಕ್ಕಿನ ಚಕ್ರ ಕೂರಿಸುತ್ತಾರೆ. ಹನ್ನೆರಡು ಹಲ್ಲಿನ ಜಾಗ, ಅದರಲ್ಲಿ ಒಂದನ್ನು ಬೇಕೆಂದೇ ಕತ್ತರಿಸಿ ತೆಗೆದಿರುತ್ತಾರೆ. ಪಕ್ಕದಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ಸೆನ್ಸರು. ಅದರೊಳಗಿರುವುದು ಒಂದು ಅಯಸ್ಕಾಂತ, ಅದರ ಸುತ್ತ ತಂತಿಯ ಸುರುಳಿ. ಹಲ್ಲು ಹಾದು ಹೋದಾಗಲೆಲ್ಲ ಸುರುಳಿಯಲ್ಲಿ ಒಂದು ಅಲೆ ಏಳುತ್ತದೆ. ಕಾಣೆಯಾದ ಹಲ್ಲಿನ ಜಾಗ ಬಂದಾಗ ಅಲೆ ತಡವಾಗುತ್ತದೆ. ಗಣಕ "ಓಹೋ, ಇದೇ ಗುರುತು" ಎಂದು ಅಲ್ಲಿಂದ ಎಣಿಸುತ್ತದೆ. ಒಂದೊಂದು ಹಲ್ಲಿಗೂ ಮೂವತ್ತು ಡಿಗ್ರಿ. ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ ಆರು ನೂರು ಹಲ್ಲಿನ ಜಾಗಗಳು ಅದರ ಕಣ್ಮುಂದೆ ಹಾದು ಹೋಗುತ್ತವೆ.

ಈ ಎಣಿಕೆಯ ನಡುವೆ ಇಲ್ಲದ ಹಲ್ಲೊಂದು ನುಸುಳಿದರೆ? ಗಣಕದ ಲೆಕ್ಕದಲ್ಲಿ ಕ್ರ್ಯಾಂಕು ಮೂವತ್ತು ಡಿಗ್ರಿ ಮುಂದೆ ಹೋಗಿಬಿಟ್ಟಿರುತ್ತದೆ. ಕಿಡಿ ಅಷ್ಟು ಮುಂಚೆ ಹಾರುತ್ತದೆ, ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿನ ತಲೆಗೆ ಸ್ಫೋಟ ಬಡಿಯುತ್ತದೆ. ಸ್ವಲ್ಪ ಬುದ್ಧಿವಂತ ತಂತ್ರಾಂಶವಾದರೆ ಲೆಕ್ಕ ತಪ್ಪಿದ್ದು ಕಂಡು ಕಿಡಿಯನ್ನೇ ನಿಲ್ಲಿಸುತ್ತದೆ. ಎಂಜಿನ್ನು ಉಳಿಯುತ್ತದೆ, ಆದರೆ ಆ ಕ್ಷಣದಲ್ಲಿ ಸವಾರನ ಹಿಂದೆ ಲಾರಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಇಲ್ಲದ ಹಲ್ಲು ಎಲ್ಲಿಂದ ಬರುತ್ತದೆ? ಗದ್ದಲದಿಂದ. ಜೆ.ಸಿ. ರಸ್ತೆಯ ಗದ್ದಲವಲ್ಲ, ತಂತಿಯೊಳಗಿನ ಗದ್ದಲ. ಇಗ್ನಿಷನ್ ಕಾಯಿಲು ಪ್ಲಗ್ಗಿಗೆ ಕಳಿಸುವುದು ಸಾವಿರಾರು ವೋಲ್ಟು. ಸೆನ್ಸರು ಕಿಕ್ ಹೊಡೆಯುವಾಗ ಹುಟ್ಟಿಸುವುದು ಒಂದು ವೋಲ್ಟಿಗೂ ಕಡಿಮೆ. ಸಂತೆಯಲ್ಲಿ ತಮಟೆಯ ಪಕ್ಕ ನಿಂತು ಪಿಸುಗುಟ್ಟಿದಂತೆ.

ಉಸ್ತಾದರಿಗೆ ಈ ವಿವರಣೆ ಒಪ್ಪಿಗೆಯಾಯಿತು. ಆದರೆ ಅವರದೊಂದು ತಕರಾರು. "ಪಾಯಿಂಟಾದರೆ ಕಣ್ಣಿಗೆ ಕಾಣ್ತದೆ, ಕಪ್ಪಾದರೆ ಉಜ್ಜಬಹುದು. ಇದನ್ನು ಎಲ್ಲಿ ಉಜ್ಜೋದು ಬೇಟಾ?"

ಉಜ್ಜುವುದಕ್ಕಿಂತ ಮೊದಲು ನೋಡಬೇಕು. ನೋಡುವ ಕನ್ನಡಿ ಸಿಗುವುದು ಎಸ್.ಪಿ. ರೋಡಿನಲ್ಲಿ.

ಜೆ.ಸಿ. ರಸ್ತೆಯಿಂದ ಟೌನ್ ಹಾಲ್ ದಾಟಿ ಪೇಟೆಯ ಕಡೆ ಕಾಲ್ನಡಿಗೆಯಲ್ಲಿ ಹೊರಟರೆ ಎಸ್.ಪಿ. ರೋಡು ದೂರವೇನಲ್ಲ. ಆದರೆ ಲೋಕವೇ ಬೇರೆ. ಅಲ್ಲಿ ಗ್ರೀಸಿನ ವಾಸನೆ ಹೋಗಿ ಬೆಸುಗೆಯ ಸೀಸದ ಹೊಗೆ ಮೂಗಿಗೆ ಬರುತ್ತದೆ. ಅಲ್ಲಿ ಟನ್ನಿನಲ್ಲಿ ತೂಗುತ್ತಿದ್ದರೆ ಇಲ್ಲಿ ಅಕ್ಕಿಕಾಳಿನಷ್ಟು ರೆಸಿಸ್ಟರುಗಳನ್ನು ಎಣಿಸಿ ಕೊಡುತ್ತಾರೆ. ಕಿರಿದಾದ ಮೆಟ್ಟಿಲು ಹತ್ತಿದರೆ ಮಹಡಿಯ ಮೇಲೊಂದು ಅಂಗಡಿ, ಅದರೊಳಗಿಂದ ಇನ್ನೊಂದು. ಲ್ಯಾಪ್‌ಟಾಪಿನ ಪರದೆ, ಕ್ಯಾಮೆರಾದ ತಂತಿ, ಮೀಟರಿನ ಲೆಕ್ಕದ ಕೇಬಲ್ಲು, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿನ ಬೋರ್ಡು. ಮಾರ್ಚಿ ಏಪ್ರಿಲ್ಲಿನಲ್ಲಿ ಊರೂರಿನ ಕಾಲೇಜು ಹುಡುಗರು ಚೀಟಿ ಹಿಡಿದು ಇಲ್ಲಿ ಅಲೆಯುವುದನ್ನು ನೋಡಬೇಕು. ಚೀಟಿಯಲ್ಲಿರುವುದೇನೆಂದು ಅವರಿಗಿಂತ ಅಂಗಡಿಯವನಿಗೇ ಚೆನ್ನಾಗಿ ಗೊತ್ತಿರುತ್ತದೆ.

ವಿದ್ಯುತ್ತಿನೊಂದಿಗೆ ಈ ಊರಿನ ನಂಟು ಹಳೆಯದು. ಶಿವನಸಮುದ್ರದಲ್ಲಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಾಗಿ ಉತ್ಪಾದಿಸಿದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕು ತಂದಿತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಒಂದರ ಹಿಂದೊಂದು ಬಂದವು. ಊರಿಗೆ ತಂತಿ ಬೆಸೆಯುವ ಕೈಗಳೂ ಲೇತ್ ತಿರುಗಿಸುವ ಕೈಗಳೂ ಸಾವಿರಗಟ್ಟಲೆ ಸಿಕ್ಕವು. ಉಸ್ತಾದರ ಹಿಂದಿನ ಓಣಿಯಲ್ಲಿ ಬುಲೆಟ್ಟಿನ ಆ ಹಲ್ಲಿನ ಚಕ್ರ ಕಡೆದದ್ದು ಹಳೆಯ ಎಚ್.ಎಂ.ಟಿ. ಲೇತಿನ ಮೇಲೆ. ಯಂತ್ರಕ್ಕೆ ಈಗಲೂ ದಿನಾ ಬೆಳಿಗ್ಗೆ ಊದುಬತ್ತಿ.

ಹುಡುಗ ಎಸ್.ಪಿ. ರೋಡಿನಿಂದ ಅಂಗೈಯಗಲದ ಒಂದು ಆಸಿಲೋಸ್ಕೋಪನ್ನು ಬಾಡಿಗೆಗೆಂದು ಗೋಗರೆದು ತಂದ. ಗ್ಯಾರೇಜಿನ ಸ್ಟೂಲಿನ ಮೇಲೆ ಅದನ್ನಿಟ್ಟು ಸೆನ್ಸರಿನ ತಂತಿಗೆ ಸಿಕ್ಕಿಸಿ ಕಿಕ್ ಹೊಡೆದಾಗ ಅಕ್ಕಪಕ್ಕದ ಅಂಗಡಿಯವರೂ ಬಂದು ಇಣುಕಿದರು. ಸಾಲಾಗಿ ಅಲೆಗಳು. ಒಂದು ಕಡೆ ಅಂತರ. ಆದರೆ ಅಲೆಗಳು ಒಂದೇ ಎತ್ತರದಲ್ಲಿರಲಿಲ್ಲ, ಸುತ್ತಿಗೊಮ್ಮೆ ಏರಿ ಸುತ್ತಿಗೊಮ್ಮೆ ಇಳಿಯುತ್ತಿದ್ದವು. ಉಸ್ತಾದ್ ಕನ್ನಡಕ ಸರಿಮಾಡಿಕೊಂಡು ನೋಡಿದವರೇ, "ಚಕ್ರ ಓಲಾಡ್ತಿದೆ" ಎಂದರು. ತಂತಿಯ ಪರಿಚಯವಿಲ್ಲದವರು, ಆದರೆ ಚಕ್ರದ ಓಲಾಟ ಯಾವ ರೂಪದಲ್ಲಿ ಬಂದರೂ ಅವರಿಗೆ ಗುರುತು ಸಿಗುತ್ತದೆ. ಅದನ್ನು ಬಿಚ್ಚಿ ಲೇತಿನಲ್ಲಿ ಮತ್ತೆ ನೇರ ಮಾಡಿಸಿದರು. ಅರ್ಧ ರೋಗ ಅಲ್ಲಿಗೇ ಬಿಟ್ಟಿತೆಂದು ಹುಡುಗ ಹಿಗ್ಗಿದ. ಬಿಟ್ಟಿರಲಿಲ್ಲ.

ಕಿಕ್ಕರು ತಿರುಗಿ ಹೊಡೆಯುವುದರ ಗುಟ್ಟು ಬೇರೆಯೇ ಇತ್ತು. ಬುಲೆಟ್ಟಿನದು ಒಂಟಿ ಸಿಲಿಂಡರು. ಪಿಸ್ಟನ್ನು ಮೇಲೇರುತ್ತ ಗಾಳಿಯನ್ನು ಹಿಂಡುವಾಗ ಕ್ರ್ಯಾಂಕು ಏದುಸಿರು ಬಿಟ್ಟಂತೆ ನಿಧಾನವಾಗುತ್ತದೆ. ಆಗ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಬೇಕಾಗುವ ಹೊತ್ತು ಉದ್ದವಾಗುತ್ತದೆ. ಗಣಕಕ್ಕೆ ಅದೇ ಕಾಣೆಯಾದ ಹಲ್ಲಿನಂತೆ ಕಾಣಿಸುತ್ತದೆ! ತಪ್ಪು ಜಾಗವನ್ನು ಗುರುತೆಂದು ನಂಬಿ ತಪ್ಪು ಕ್ಷಣದಲ್ಲಿ ಕಿಡಿ ಕೊಡುತ್ತದೆ, ಬ್ಯಾಂಕಿನವರ ಕಣಕಾಲು ಊದುತ್ತದೆ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಸ್ಟಾರ್ಟರ್ ಮೋಟಾರು ಹೆಚ್ಚು ಸಮನಾಗಿ ತಿರುಗಿಸುವುದರಿಂದ ಈ ಉಪದ್ರವ ಇಷ್ಟಿಲ್ಲ. ಮದ್ದು ಎರಡು: ಖಾಲಿ ಹಲ್ಲಿನ ಜಾಗವನ್ನು ಪಿಸ್ಟನ್ ತುದಿಮುಟ್ಟುವ ಜಾಗದಿಂದ ದೂರಕ್ಕೆ, ಕ್ರ್ಯಾಂಕು ಸರಾಗವಾಗಿ ತಿರುಗುವ ಕಡೆಗೆ ಸರಿಸುವುದು. ಮತ್ತು ಒಂದು ಪೂರ್ತಿ ಸುತ್ತಿನ ಎಣಿಕೆ ತಾಳೆಯಾಗುವ ತನಕ ಕಿಡಿಯನ್ನೇ ಕೊಡದಂತೆ ಗಣಕಕ್ಕೆ ಹೇಳುವುದು. ಕಿಕ್ ಒಂದು ಹೆಚ್ಚು ಬೇಕಾಗಬಹುದು, ಮೂಳೆ ಉಳಿಯುತ್ತದೆ.

ಅದಾದ ಮೇಲೆ ಕಿಕ್ಕರು ಸಾಧುವಾಯಿತು. ಉಳಿದದ್ದು ತುಮಕೂರು ರಸ್ತೆಯ ರೋಗ.

ಇಲ್ಲಿ ಹುಡುಗ ಎಷ್ಟೋ ಜನ ಮಾಡುವ ಕೆಲಸವನ್ನೇ ಮಾಡಿದ. ಗದ್ದಲವೆಂದರೆ ಸೋಸಬೇಕು ತಾನೆ? ಎಸ್.ಪಿ. ರೋಡಿನಿಂದ ಒಂದು ಕೆಪಾಸಿಟರು ತಂದು ಸೆನ್ಸರಿನ ದಾರಿಗೆ ಬೆಸೆದ. ಗದ್ದಲ ಮಂಗಮಾಯ. ಅವನು ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಉಸ್ತಾದ್ ಬುಲೆಟ್ಟನ್ನು ಲಾಲ್‌ಬಾಗ್ ರಸ್ತೆಯ ತನಕ ಓಡಿಸಿ ಬಂದಿದ್ದರು. ಇಳಿದವರು ಸೈಲೆನ್ಸರಿನ ಕೊಳವೆಯ ಹತ್ತಿರ ಅಂಗೈ ಹಿಡಿದು ನೋಡಿದರು.

"ಗಾಡಿ ನಿಲ್ತಿಲ್ಲ, ಸರಿ. ಆದ್ರೆ ಭಾರವಾಗಿ ಓಡ್ತಿದೆ. ಟೈಮಿಂಗ್ ಹಿಂದೆ ಬಿದ್ದಿದೆ."

"ಲ್ಯಾಪ್‌ಟಾಪಲ್ಲಿ ಸರಿಯಾಗೇ ತೋರಿಸ್ತಿದೆ ಉಸ್ತಾದ್."

"ಲ್ಯಾಪ್‌ಟಾಪ್ ಗಾಡಿ ಮೇಲೆ ಕೂತಿತ್ತಾ?"

ಟೈಮಿಂಗ್ ಲೈಟ್ ಹಿಡಿದು ನೋಡಿದರೆ ಮುದುಕರದೇ ನಿಜ. ಸೋಸುವ ಕೆಪಾಸಿಟರು ಗದ್ದಲವನ್ನು ಮಾತ್ರ ತಡೆಯುವುದಿಲ್ಲ, ನಿಜವಾದ ಅಲೆಯನ್ನೂ ಒಂದಿಷ್ಟು ತಡಮಾಡುತ್ತದೆ. ತಡ ಅರ್ಧ ಮಿಲಿಸೆಕೆಂಡ್ ಎಂದಿಟ್ಟುಕೊಂಡರೂ 1000 ಸುತ್ತಿನಲ್ಲಿ ಅದು ಮೂರು ಡಿಗ್ರಿ, 4000 ಸುತ್ತಿನಲ್ಲಿ ಹನ್ನೆರಡು ಡಿಗ್ರಿ. ಎಂಜಿನ್ನು ಜೋರಾಗಿ ಓಡಿದಷ್ಟೂ ಕಿಡಿ ಹಿಂದೆ ಬೀಳುತ್ತದೆ, ಬೆಂಕಿ ಸೈಲೆನ್ಸರಿಗೆ ಹೋಗುತ್ತದೆ. ಗಣಕಕ್ಕೆ ಇದು ತಿಳಿಯುವ ದಾರಿಯೇ ಇಲ್ಲ, ಏಕೆಂದರೆ ಅದು ನಂಬಿರುವುದು ಇದೇ ತಡವಾದ ಅಲೆಯನ್ನು. ಸೆನ್ಸರಿನ ಎರಡು ತಂತಿ ಅದಲು ಬದಲಾದರೂ ಹೀಗೆಯೇ ವೇಗದೊಂದಿಗೆ ಗುರುತು ಜಾರುವುದುಂಟು. ಹುಡುಗ ಅದನ್ನೂ ಪರೀಕ್ಷಿಸಿದ, ತಂತಿ ಸರಿಯಾಗಿತ್ತು. ಕೆಪಾಸಿಟರನ್ನು ಕಿತ್ತು ಡಬ್ಬಿಗೆ ಹಾಕಿದ. ಗದ್ದಲ ವಾಪಸು ಬಂತು.

ಮಾರನೆಯ ದಿನ ಕೆಲಸ ಬೇರೆ ರೀತಿಯಲ್ಲಿ ಸಾಗಿತು. ಬಚ್ಚಿಟ್ಟುಕೊಳ್ಳುವುದು ಬೇಡ, ಕಳ್ಳ ಯಾರೆಂದು ಹಿಡಿಯೋಣ ಎಂದು ಇಬ್ಬರೂ ಕುಳಿತರು. ಅನುಮಾನ ಮೂವರ ಮೇಲೆ: ಕಾಯಿಲು, ಬ್ಯಾಟರಿ ತುಂಬಿಸುವ ಆಲ್ಟರ್ನೇಟರು, ಅರ್ತು. ಮೊದಲು ಆಲ್ಟರ್ನೇಟರಿನ ಸಂಪರ್ಕ ತಪ್ಪಿಸಿ ಬರೀ ಬ್ಯಾಟರಿಯ ಮೇಲೆ ಎಂಜಿನ್ನು ಓಡಿಸಿದರು. ಸುಳ್ಳು ಹಲ್ಲು ಹಾಗೇ ಇತ್ತು. ಹಾಗಾದರೆ ಅದು ನಿರಪರಾಧಿ. ಅನಂತರ ಕಾಯಿಲಿನ ತಂತಿ ಕಿತ್ತು, ಕಿಡಿಯಿಲ್ಲದೆ ಬರೀ ಕಿಕ್ ಹೊಡೆದರು. ಅಲೆಗಳು ಕಾವೇರಿಯ ಬೇಸಿಗೆಯ ನೀರಿನಂತೆ ತಿಳಿ. ಕಾಯಿಲು ಸಿಕ್ಕಿಸಿದರೆ ಪ್ರತಿ ಕಿಡಿಯ ಬೆನ್ನಿಗೇ, ಪ್ರತಿಸಲವೂ ಅದೇ ಕೋನದಲ್ಲಿ, ಒಂದು ಮುಳ್ಳು. ಬೇಕಾಬಿಟ್ಟಿ ಬರುವ ಗದ್ದಲವಾದರೆ ಹುಡುಕುವುದು ಕಷ್ಟ. ಹೊತ್ತಿಗೆ ಸರಿಯಾಗಿ ಬರುವ ಗದ್ದಲ ತನ್ನ ವಿಳಾಸವನ್ನೂ ಹೊತ್ತೇ ಬಂದಿರುತ್ತದೆ.

ಪ್ಲಗ್ಗು ಬಿಚ್ಚಿದರು. ಅದರ ಸಂಖ್ಯೆಯ ನಡುವೆ 'ಆರ್' ಅಕ್ಷರವಿರಲಿಲ್ಲ. ಆ ಅಕ್ಷರವಿರುವ ಪ್ಲಗ್ಗಿನ ಹೊಟ್ಟೆಯಲ್ಲಿ ಸುಮಾರು ಐದು ಸಾವಿರ ಓಮಿನ ಒಂದು ತಡೆ ಇರುತ್ತದೆ. ಕಿಡಿಯ ಜೊತೆ ಹಾರುವ ರೇಡಿಯೊ ಅಲೆಗಳನ್ನು ಅದು ಬಹಳಷ್ಟು ಹಿಡಿದುಹಾಕುತ್ತದೆ. ಹಿಂದೆ ಪಾಯಿಂಟಿನ ಬುಲೆಟ್ಟಿಗೆ ಅದರ ಹಂಗಿರಲಿಲ್ಲ. ಪಕ್ಕದ ಮನೆಯ ರೇಡಿಯೊ ಕೊರಕೊರ ಎಂದರೆ ಅದು ಪಕ್ಕದ ಮನೆಯವರ ಪಾಡು. ಜೊತೆಗೆ, ಚೆಂದ ಕಾಣಲೆಂದು ಹುಡುಗ ಸೆನ್ಸರಿನ ತಂತಿಯನ್ನೂ ಪ್ಲಗ್ಗಿನ ದಪ್ಪ ವೈರನ್ನೂ ಒಂದೇ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿದ್ದ. ಹೊಸ ಪ್ಲಗ್ಗಿಗೆ ಜೆ.ಸಿ. ರಸ್ತೆ, ಹೊಸ ತಂತಿಗೆ ಎಸ್.ಪಿ. ರೋಡು. ತಂದದ್ದು ಹೊಸೆದ ಜೋಡಿ ತಂತಿ, ಮೇಲೆ ಲೋಹದ ಜಾಲರಿಯ ಹೊದಿಕೆ. ಜಾಲರಿಯನ್ನು ಅರ್ತ್ ಮಾಡುವುದು ಗಣಕದ ತುದಿಯಲ್ಲಿ ಮಾತ್ರ. ಎರಡೂ ತುದಿಗೆ ಕಟ್ಟಿದರೆ ಗದ್ದಲವನ್ನು ತಡೆಯಬೇಕಾದ ಹೊದಿಕೆಯೇ ಎಂಜಿನ್ನಿನ ಅರ್ತ್ ಕರೆಂಟು ಓಡಾಡುವ ದಾರಿಯಾಗುತ್ತದೆ.

ಮುಳ್ಳು ಕಾಲುಭಾಗಕ್ಕೆ ಇಳಿಯಿತು. ಪೂರ್ತಿ ಹೋಗಲಿಲ್ಲ.

ಕೊನೆಯ ಕಳ್ಳನನ್ನು ಹಿಡಿದವರು ಉಸ್ತಾದ್. ಗಣಕವನ್ನು ಅಲ್ಲ, ಚಾಸಿಯನ್ನು ನೋಡುತ್ತ ಕುಳಿತಿದ್ದರು. ಬ್ಯಾಂಕಿನವರು ತಂದೆಯ ಗಾಡಿ ಎಂಬ ಪ್ರೀತಿಗೆ ಅದಕ್ಕೆ ದುಬಾರಿಯ ಪೌಡರ್ ಕೋಟಿಂಗ್ ಮಾಡಿಸಿದ್ದರು. ಕನ್ನಡಿಯಂಥ ಕಪ್ಪು. "ಅರ್ತ್ ಬೋಲ್ಟ್ ಈ ಬಣ್ಣದ ಮೇಲೇ ಕೂತಿದೆಯಲ್ಲ" ಎಂದರು. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ. ಬೋಲ್ಟಿನ ಎಳೆಗಳ ಮೂಲಕ ಹೇಗೋ ಅಷ್ಟಿಷ್ಟು ದಾಟುತ್ತಿತ್ತು, ಅದುರಿದಾಗ ಅದೂ ತಪ್ಪುತ್ತಿತ್ತು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಋಣಕ್ಕೆ, ಇನ್ನೊಂದು ಎಂಜಿನ್ನಿನ ಮೈಗೆ ಹಿಡಿದು ಎಂಜಿನ್ನು ಓಡಿಸಿದರೆ, ಇಲ್ಲವೇ ಇಲ್ಲವೆನ್ನುವಂತಿರಬೇಕಾದ ವೋಲ್ಟೇಜು ಕುಣಿಯುತ್ತಿತ್ತು. ಉಸ್ತಾದ್ ಎಮರಿ ಕಾಗದ ತೆಗೆದುಕೊಂಡು ಎಂಟಾಣೆ ನಾಣ್ಯದಗಲಕ್ಕೆ ಆ ಹೊಳೆಯುವ ಬಣ್ಣವನ್ನು ಉಜ್ಜತೊಡಗಿದರು. ಉಜ್ಜುವ ಜಾಗ ಕೊನೆಗೂ ಸಿಕ್ಕಿತ್ತು. ಗಣಕದ ಅರ್ತನ್ನೂ ಕಾಯಿಲಿನ ಅರ್ತನ್ನೂ ಬೇರೆಬೇರೆ ತಂತಿಗಳಲ್ಲಿ ಒಂದೇ ಬಿಂದುವಿಗೆ ತಂದು ಬಿಗಿದರು.

ಸಂಜೆ ಹುಡುಗನೇ ಬುಲೆಟ್ಟನ್ನು ತುಮಕೂರು ರಸ್ತೆಗೆ ಒಯ್ದ. ಹೆಗಲಚೀಲದಲ್ಲಿ ಲ್ಯಾಪ್‌ಟಾಪು ಎಲ್ಲವನ್ನೂ ದಾಖಲಿಸುತ್ತಿತ್ತು. ನೆಲಮಂಗಲದಲ್ಲಿ ಒಂದು ಟೀ ಕುಡಿದು ತಿರುಗಿ ಬಂದಾಗ ರಾತ್ರಿ ಎಂಟೂವರೆ. ಎಣಿಕೆ ತಪ್ಪಿದ ಲೆಕ್ಕದ ಮುಂದೆ ಸೊನ್ನೆ ಇತ್ತು. ಉಸ್ತಾದ್ ಪರದೆಯನ್ನು ನೋಡಲಿಲ್ಲ. ಎಂಜಿನ್ನು ಆರಿಸಬೇಡ ಎಂದು ಕೈಸನ್ನೆ ಮಾಡಿ, ಒಂದು ನಿಮಿಷ ಸುಮ್ಮನೆ ನಿಂತು ಕೇಳಿದರು. ಟ್ಯಾಪೆಟ್ ಒಂದು ಚೂರು ಸಡಿಲವಿದೆ, ಬೆಳಿಗ್ಗೆ ನೋಡೋಣ ಎಂದರು.

ಬ್ಯಾಂಕಿನವರು ಶನಿವಾರ ಬಂದು ಗಾಡಿ ಒಯ್ದರು. ಕಿಕ್ ಹೊಡೆಯುವ ಮುಂಚೆ ಕಾಲನ್ನು ಎರಡು ಸಲ ಮೇಲೆತ್ತಿ ಇಳಿಸಿದ್ದನ್ನು ಗ್ಯಾರೇಜಿನವರೆಲ್ಲ ನೋಡಿಯೂ ನೋಡದಂತಿದ್ದರು. ಕಾರ್ಬುರೇಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಅವರು ಅದನ್ನೂ ಜೊತೆಗೆ ಒಯ್ದರು. ಆಸಿಲೋಸ್ಕೋಪು ಮಾತ್ರ ಎಸ್.ಪಿ. ರೋಡಿಗೆ ಹಿಂತಿರುಗಲಿಲ್ಲ. ಉಸ್ತಾದ್ ಅದನ್ನು ಎರಡು ಕಂತಿನಲ್ಲಿ ಕೊಂಡುಕೊಂಡರು. ಈಗ ಅದು ಕ್ಯಾಲೆಂಡರಿನ ಕೆಳಗೆ, ಫೀಲರ್ ಗೇಜಿನ ಪಕ್ಕದಲ್ಲಿ, ಗ್ರೀಸು ತಾಗದಂತೆ ಒಂದು ಹಳೆಯ ಬನಿಯನ್ನಿನಲ್ಲಿ ಸುತ್ತಿಕೊಂಡು ಕೂತಿದೆ.